ಅತ್ತೆ ಹೇಳುವ ನೀರು

ನಮ್ಮ ಕ್ವಾರಿಯ ನೀರಿಗೆ ನಾನು ಕೈ ಹಾಕದೆ ಇದು ಎರಡನೇ ಮಳೆಗಾಲ. ಮನೆಯ ನಲ್ಲಿ ನೀರಿನಲ್ಲಿ ಪಾತ್ರೆ ತೊಳೆಯುತ್ತೇನೆ, ಬಟ್ಟೆ ಜಾಲಿಸುತ್ತೇನೆ. ಅದನ್ನು ಯಾರೂ ಬೇಡ ಅಂದಿಲ್ಲ. ಮೀನಿರುವ ನೀರು ಮಾತ್ರ ನನಗೆ ಬೇಡವಂತೆ. ಒಲೆಯ ಮುಂದೆ ನಿಂತರೆ ಕಿಟಕಿಯಲ್ಲಿ ಅದೇ ಕಾಣುತ್ತದೆ. ಬಿಸಿಲು ಬಿದ್ದ ದಿನ ಹಸಿರಾಗಿ, ಮೋಡದ ದಿನ ಕಪ್ಪಾಗಿ ಅಲ್ಲೇ ಇರುತ್ತದೆ. ಸಾರಿಗೆ ಒಗ್ಗರಣೆ ಹಾಕುತ್ತ ಅದನ್ನು ನೋಡುತ್ತೇನೆ. ಸಾಸಿವೆ ಸೀದಮೇಲೆ ಎಚ್ಚರವಾಗುತ್ತದೆ.

ನನ್ನ ತವರು ಸಾಗರದ ಹತ್ತಿರ, ಕೆಳದಿಯಿಂದ ಸ್ವಲ್ಪ ಆಚೆ. ಕೊಟ್ಟದ್ದು ಹೊಸನಗರ ಮತ್ತು ತೀರ್ಥಹಳ್ಳಿಯ ನಡುವಿನ ಈ ಊರಿಗೆ. ನಾನು ಬರುವ ಹೊತ್ತಿಗೆ ಮಾವ ಇರಲಿಲ್ಲ. ಮನೆಯಲ್ಲಿ ಅತ್ತೆ, ನಮ್ಮನೆಯವರು, ಒಂದು ಕರೆಯುವ ಎಮ್ಮೆ. ಮನೆಯ ಹಿಂದೆ ದೊಡ್ಡ ಹೊಂಡ. ಅದೇ ಈ ಕ್ವಾರಿ. ಮಾವನ ಕಾಲದಲ್ಲಿ ಅಲ್ಲಿ ಮನೆ ಕಟ್ಟುವ ಕೆಂಪು ಚಿರೆಕಲ್ಲು ಕಡಿಯುತ್ತಿದ್ದರಂತೆ. ಒಳ್ಳೆಯ ಕಲ್ಲು ಮುಗಿದಮೇಲೆ ಕಡಿಯುವವರು ಹೊರಟುಹೋದರು, ಹೊಂಡ ಉಳಿಯಿತು. ಮಳೆಗಾಲದಲ್ಲಿ ತುಂಬಿದ ನೀರು ಬೇಸಿಗೆಯಲ್ಲೂ ಪೂರ್ತಿ ಆರುತ್ತಿರಲಿಲ್ಲ. ನಾಲ್ಕೂ ಕಡೆ ಕಲ್ಲನ್ನು ನೇರ ಕಡಿದದ್ದರಿಂದ ಮೇಲಿನಿಂದ ನೋಡಿದರೆ ಯಾರೋ ನೆಲದಲ್ಲಿ ಒಂದು ಕೋಣೆ ಕಟ್ಟಿ ಮಾಡು ಹಾಕುವುದನ್ನು ಮರೆತ ಹಾಗೆ ಕಾಣುತ್ತಿತ್ತು. ತಳದ ಕೆಂಪು ಕಲ್ಲಿನ ಮೇಲೆ ಕೊಡಲಿಯ ಗುರುತುಗಳನ್ನೂ ಎಣಿಸಬಹುದಿತ್ತು, ನೀರು ಅಷ್ಟು ತಿಳಿ. ಅತ್ತೆಗೆ ಅದರ ಬಗ್ಗೆ ಹೆಮ್ಮೆ. ಬಂದ ನೆಂಟರನ್ನೆಲ್ಲ ಹಿಂದೆ ಕರೆದುಕೊಂಡು ಹೋಗಿ ತೋರಿಸುತ್ತಿದ್ದರು.

ಮಗಳು ಹುಟ್ಟಿ, ತವರಿನಲ್ಲಿ ಬಾಣಂತನ ಮುಗಿಸಿ ಬಂದಾಗ ನಾನು ಕಡ್ಡಿಯ ಹಾಗೆ ಆಗಿದ್ದೆ. ಮೆಟ್ಟಿಲು ಹತ್ತಿದರೆ ಕಣ್ಣು ಕತ್ತಲೆ ಬರುತ್ತಿತ್ತು. ಅತ್ತೆ ನನ್ನ ಕಣ್ಣಿನ ಕೆಳಗಿನ ರೆಪ್ಪೆ ಎಳೆದು ನೋಡಿ ಮಗನಿಗೆ ಹೇಳಿದರು, "ರಕ್ತನೇ ಇಲ್ಲ ಇವಳಿಗೆ. ಒಂದ್ನಾಲ್ಕು ಮುರುಗೋಡು ಸಿಕ್ಕಿದ್ರೆ ಸಾರು ಮಾಡಿ ಕೊಡಬೌದಿತ್ತು. ಎಲ್ಲಾದ್ರೂ ನೋಡಾ."

ಮುರುಗೋಡು ಎಂದರೆ ಮೀಸೆಯಿರುವ, ಸಿಪ್ಪೆಯಿಲ್ಲದ, ಕಪ್ಪು ಮೈಯ ಮೀನು. ಕೆಸರಿನಲ್ಲೂ ಬದುಕುತ್ತದೆ, ನೀರಿನಿಂದ ತೆಗೆದರೂ ಬಹಳ ಹೊತ್ತು ಸಾಯುವುದಿಲ್ಲ. ಬಾಣಂತಿಗೆ, ಜ್ವರ ಬಿಟ್ಟವರಿಗೆ ಅದರ ಸಾರು ಕೊಡುವುದು ಮೀನು ತಿನ್ನುವ ನಮ್ಮಂಥ ಮನೆಗಳಲ್ಲಿ ಹಳೆಯ ರೂಢಿ. ನಮ್ಮನೆಯವರು ಗೂಡ್ಸ್ ಗಾಡಿ ಓಡಿಸುತ್ತಾರೆ, ಮೂರೂ ತಾಲ್ಲೂಕಿನ ಮಾರ್ಕೆಟ್ಟು ಅವರಿಗೆ ಗೊತ್ತು. ಹೊಸನಗರ, ಸಾಗರ, ತೀರ್ಥಹಳ್ಳಿ ಎಲ್ಲ ಕಡೆ ಕೇಳಿದರು. ಬಂಗುಡೆ ಇತ್ತು, ಭೂತಾಯಿ ಇತ್ತು, ಕೆರೆಯ ಕಾಟ್ಲಾ ಇತ್ತು. ಕೊನೆಗೆ ಎಲ್ಲಿಂದಲೋ ತೊಡೆಯಷ್ಟು ದಪ್ಪದ್ದೊಂದನ್ನು ತಂದರು. ಅತ್ತೆ ಅದರ ತಲೆ ತಿರುಗಿಸಿ ನೋಡಿ, "ಇದು ಬೇರೆ ಜಾತಿದು, ಎಂತೆಂತದೋ ತಿಂದು ಬೆಳೆದದ್ದು. ನಮ್ದಲ್ಲ ಇದು" ಎಂದು ಮುಟ್ಟಲೇ ಇಲ್ಲ. ಆಮೇಲೆ ನಾನು ಗುಳಿಗೆ ತಿಂದು ಸುಧಾರಿಸಿಕೊಂಡೆ. ಆದರೆ ಆ ಮಾತು ಮನೆಯಲ್ಲಿ ಉಳಿಯಿತು. ನಮ್ಮ ಕಡೆಯ ಮುರುಗೋಡು ಎಲ್ಲಿ ಹೋಯಿತು, ಹಿಂದೆ ಹೊಂಡ ಇದೆಯಲ್ಲ, ನಾವೇ ಯಾಕೆ ಸಾಕಬಾರದು ಎಂದು ನಮ್ಮನೆಯವರು ಊಟಕ್ಕೆ ಕೂತಾಗಲೆಲ್ಲ ತೆಗೆಯುತ್ತಿದ್ದರು. ಗಾಡಿ ಬಿಟ್ಟು ಬರಲು ಅವರಿಗೆ ಆಗುತ್ತಿರಲಿಲ್ಲ. ಮಗಳು ಶಾಲೆಗೆ ಹೋಗಲು ಶುರುಮಾಡಿದ ವರ್ಷ ಮೀನು ಮರಿ ಮಾಡುವ ತರಬೇತಿಗೆ ನನ್ನನ್ನೇ ಕಳಿಸಿದರು.

ಅಲ್ಲಿ ಮೊದಲು ಕಲಿತದ್ದು ತಿಳಿನೀರನ್ನು ನಂಬಬಾರದು ಎಂದು. ನಮ್ಮ ಕ್ವಾರಿಯ ನೀರನ್ನು ಬಾಟಲಿಯಲ್ಲಿ ಒಯ್ದಿದ್ದೆ. ಅದಕ್ಕೆ ಔಷಧಿಯ ನಾಲ್ಕು ಹನಿ ಬಿಟ್ಟಾಗ ಹಳದಿಯಾಯಿತು. ಚಿರೆಕಲ್ಲಿನ ಹುಳಿಯೆಲ್ಲ ನೀರಿಗೆ ಇಳಿದಿದೆ, ಇದರಲ್ಲಿ ಒಂದು ಪಾಚಿಯೂ ಬೆಳೆಯುವುದಿಲ್ಲ, ಮೀನು ಏನು ತಿನ್ನಬೇಕು ಎಂದರು ಕಲಿಸುವವರು. ಮನೆಗೆ ಬಂದು ಸುಣ್ಣ ತರಿಸಿ ಕದಡಿ ಸುರಿದೆ. ಕೆಲವು ದಿನ ಬಿಟ್ಟು ಸಗಣಿ ಕರಡಿದ ನೀರನ್ನು ದಂಡೆಯ ಸುತ್ತ ಚೆಲ್ಲಿದೆ. ಅತ್ತೆ ಹಿತ್ತಿಲ ಬಾಗಿಲಲ್ಲಿ ನಿಂತು ನೋಡಿದರು.

"ಕನ್ನಡಿ ಥರ ಇದ್ದ ನೀರಿಗೆ ಸಗಣಿ ಹಾಕ್ತಿದ್ದಾಳೆ. ಹೇಳೋರು ಕೇಳೋರು ಇಲ್ಲ" ಎಂದು ಎಮ್ಮೆಗೆ ಹೇಳಿದರು. ನನಗೆ ಹೇಳುವುದಿದ್ದರೂ ಆಗೆಲ್ಲ ಅವರು ಎಮ್ಮೆಗೇ ಹೇಳುತ್ತಿದ್ದದ್ದು.

ನೀರು ನಿಧಾನವಾಗಿ ಬಣ್ಣ ಹಿಡಿಯಿತು. ಮೊದಲು ಅಕ್ಕಿ ತೊಳೆದ ನೀರಿನ ಬಣ್ಣ, ಆಮೇಲೆ ಎಳೆ ಹಸಿರು. ಅದನ್ನು ನೋಡಲು ಒಂದು ಸುಲಭದ ಉಪಾಯ ಹೇಳಿಕೊಟ್ಟಿದ್ದರು. ಅಂಗೈ ಬಿಡಿಸಿ ತೋಳನ್ನು ನೇರ ನೀರಿಗಿಳಿಸಬೇಕು. ಮೊಣಕೈ ಮುಳುಗುವ ಹೊತ್ತಿಗೆ ಅಂಗೈ ಕಣ್ಣಿಗೆ ಕಾಣದಂತಾದರೆ ನೀರು ಹದವಾಗಿದೆ. ಮಣಿಕಟ್ಟಿಗೇ ಮರೆಯಾದರೆ ಹಸಿರು ಹೆಚ್ಚಾಯಿತು, ರಾತ್ರಿ ಮೀನಿಗೆ ಉಸಿರು ಕಟ್ಟಬಹುದು. ದಿನಾ ಬೆಳಿಗ್ಗೆ ನಾನು ಕ್ವಾರಿಯ ಮೂಲೆಯ ಕಲ್ಲಿನ ಮೆಟ್ಟಿಲು ಇಳಿದು ಹಾಗೆ ಮಾಡುತ್ತಿದ್ದೆ. ಅಂಗೈ ಸ್ವಲ್ಪ ಸ್ವಲ್ಪವೇ ಮಂಜಾಗಿ, ಬೆರಳ ತುದಿ ಹೋಗಿ, ಆಮೇಲೆ ಪೂರ್ತಿ ಹೋಗುತ್ತಿತ್ತು. ಇಲ್ಲದ ಕೈಗೆ ಏನೇನೋ ತಾಗುತ್ತಿತ್ತು. ಮೇಲೆ ಒಂದು ಗೇಣು ಬೆಚ್ಚಗೆ, ಅದರ ಕೆಳಗೆ ಥಟ್ಟನೆ ತಂಪು. ಮೋಡ ಕವಿದು ನಾಲ್ಕಾರು ದಿನವಾದರೆ ನೀರು ಬೆರಳ ಸಂದಿಯಲ್ಲಿ ಜಿಡ್ಡಾಗುತ್ತಿತ್ತು, ಆಗ ಮೇವು ಕಡಿಮೆ ಮಾಡುತ್ತಿದ್ದೆ. ಆಗಾಗ ಒಂದು ಮೀಸೆ ಬಂದು ಕಿರುಬೆರಳನ್ನು ಮೂಸಿ ಹೋಗುತ್ತಿತ್ತು. ಹನಿ ಬಿಟ್ಟು ಬಣ್ಣ ನೋಡುವ ಪೆಟ್ಟಿಗೆ ನನ್ನ ಹತ್ತಿರ ಇತ್ತು, ತಪ್ಪದೆ ನೋಡುತ್ತಲೂ ಇದ್ದೆ. ಆದರೆ ಪೆಟ್ಟಿಗೆ ತೆರೆಯುವ ಮೊದಲೇ ಕೈಗೆ ಸುಮಾರು ಗೊತ್ತಾಗಿರುತ್ತಿತ್ತು.

ದೊಡ್ಡ ಮೀನು ಸಾಕುವುದು ಅಷ್ಟು ಕಷ್ಟವಾಗಲಿಲ್ಲ. ಮರಿ ಮಾಡುವುದೇ ಕಷ್ಟ. ಊರಿನ ಜಾತಿಯ ಮುರುಗೋಡನ್ನು ಅಲ್ಲಿ ಇಲ್ಲಿ ಹಳ್ಳದಲ್ಲಿ ಹಿಡಿದವರಿಂದ ಕೂಡಿಸಿ ಒಂದಿಷ್ಟು ಬೆಳೆಸಿದ್ದೆವು. ಮಳೆ ಹಿಡಿದಮೇಲೆ ಹೆಣ್ಣಿನ ಹೊಟ್ಟೆ ತುಂಬುತ್ತದೆ. ಆದರೆ ಕ್ವಾರಿಯ ಕಲ್ಲಿನ ಗೋಡೆಗಳ ನಡುವೆ ಅದು ತಾನಾಗಿ ಮೊಟ್ಟೆ ಇಡುವುದಿಲ್ಲ. ಸಂಜೆ ಚುಚ್ಚುಮದ್ದು ಕೊಟ್ಟು, ಮರುದಿನ ಬೆಳಿಗ್ಗೆ ಹೊಟ್ಟೆಯನ್ನು ಮೆತ್ತಗೆ ಒತ್ತಿ ಮೊಟ್ಟೆ ಇಳಿಸಿಕೊಳ್ಳಬೇಕು. ಗಂಡಿನದ್ದು ಹಾಗೆ ಇಳಿಯುವುದಿಲ್ಲ. ಅದನ್ನು ಕೊಂದು ಹೊಟ್ಟೆ ಬಿಡಿಸಿ ಒಳಗಿನ ಬಿಳಿ ಗಂಟನ್ನು ತೆಗೆದು, ಉಪ್ಪುನೀರಿನಲ್ಲಿ ಅರೆದು ಮೊಟ್ಟೆಗೆ ಬೆರೆಸಬೇಕು. ಮೊದಲ ಸಲ ಹಿಂದಿನ ಶೆಡ್ಡಿನಲ್ಲಿ ನಾನು ಆ ಕೆಲಸ ಮಾಡುವಾಗ ಅತ್ತೆ ಬಂದು ನಿಂತರು.

"ಹುಟ್ಸೋದಕ್ಕೆ ಅಂತ ಒಂದನ್ನ ಕೊಲ್ಬೇಕನೇ?"

"ಬೇರೆ ದಾರಿ ಇಲ್ಲ ಅತ್ತೆ."

ಮಧ್ಯಾಹ್ನ ನಾನು ಆ ಗಂಡು ಮೀನನ್ನು ಸಾರಿಗೆ ಎಂದು ತೊಳೆದಿಟ್ಟಿದ್ದರೆ, ಅವರು ಅದನ್ನು ಎತ್ತಿಕೊಂಡು ಹೋಗಿ ತೆಂಗಿನ ಬುಡದಲ್ಲಿ ಹುಗಿದು ಬಂದರು. "ಅಪ್ಪ ಆಗಿ ಸತ್ತದ್ದನ್ನ ತಿನ್ಬಾರ್ದು" ಎಂದರು. ಈವತ್ತಿಗೂ ನಮ್ಮ ಮನೆಯಲ್ಲಿ ಅದೇ ನಡೆಯುತ್ತಿದೆ.

ಆ ಮೊದಲ ಸಲದ ಮರಿಗಳು ಉಳಿಯಲಿಲ್ಲ. ಮೊಟ್ಟೆಯೇನೋ ಒಡೆದಿತ್ತು. ಹೊಟ್ಟೆಗೆ ಹಳದಿ ಗಂಟು ಅಂಟಿಸಿಕೊಂಡ ಸೂಜಿಯಂಥ ಮರಿಗಳು ಟಬ್ಬಿನ ತಳದಲ್ಲಿ ಒತ್ತೊತ್ತಾಗಿ ನಡುಗುತ್ತಿದ್ದವು. ನಾನು ಬೋರಿನ ನೀರನ್ನು ಹಾಗೆಯೇ ಹರಿಸಿದ್ದೆ. ಕಣ್ಣಿಗೆ ತಿಳಿಯಾಗಿದ್ದ ಆ ನೀರಿನಲ್ಲಿ ಕಬ್ಬಿಣದ ಅಂಶ ಇತ್ತು, ಗಾಳಿ ಇರಲಿಲ್ಲ. ಗಾಳಿ ತಾಗಿದಮೇಲೆ ತುಕ್ಕು ಬಿಟ್ಟುಕೊಂಡು ಮರಿಗಳ ಮೇಲೆಲ್ಲ ಕೆಂಪು ಧೂಳಿನಂತೆ ಕೂತಿತು. ಮರುದಿನ ಟಬ್ಬಿನಲ್ಲಿ ಏನೂ ಅಲುಗುತ್ತಿರಲಿಲ್ಲ. ನಾನು ಟಬ್ಬು ಚೆಲ್ಲದೆ ಬಹಳ ಹೊತ್ತು ಕುಕ್ಕರಗಾಲಲ್ಲಿ ಕೂತಿದ್ದೆ. ಅತ್ತೆ ಬಂದು, ಈ ಸಲ ಎಮ್ಮೆಗೆ ಹೇಳದೆ ನನಗೇ ಹೇಳಿದರು, "ಏಳು. ಕಾಫಿ ಆರ್ತದೆ."

ಮುಂದಿನ ಸಲ ಬೋರಿನ ನೀರನ್ನು ತಗಡಿನ ಮೇಲಿಂದ ಬೀಳಿಸಿ, ಒಂದು ದಿನ ತೊಟ್ಟಿಯಲ್ಲಿ ನಿಲ್ಲಿಸಿ, ತುಕ್ಕು ಇಳಿದಮೇಲೆ ಬಟ್ಟೆಯಲ್ಲಿ ಸೋಸಿ ಬಿಟ್ಟೆ. ಮಳೆಯ ಚಳಿಗೆ ನೀರು ಆರದಂತೆ ಶೆಡ್ಡಿಗೆ ಸುತ್ತಲೂ ಪ್ಲಾಸ್ಟಿಕ್ ಕಟ್ಟಿದೆವು. ಕೆಟ್ಟ ಮೊಟ್ಟೆ ಬೆಳ್ಳಗಾಗಿ ಹತ್ತಿಯಂಥ ಬೂಷ್ಟು ಕಟ್ಟುತ್ತದೆ, ಅದು ಪಕ್ಕದ ಒಳ್ಳೆಯ ಮೊಟ್ಟೆಗೂ ಹಬ್ಬುತ್ತದೆ. ತೆಳ್ಳಗಿನ ಪೈಪಿನಲ್ಲಿ ಅದನ್ನೆಲ್ಲ ಎಳೆದು ತೆಗೆಯುತ್ತಿದ್ದೆ. ಹಳದಿ ಗಂಟು ಕರಗಿದಮೇಲೆ ಕ್ವಾರಿಯ ಹಸಿರು ನೀರಿನಿಂದ ಸೋಸಿದ ಕಣ್ಣಿಗೆ ಕಾಣದ ಹುಳುಗಳನ್ನು ತಿನ್ನಿಸಿದೆ. ತಿಂದು ಬಿಟ್ಟದ್ದು ತಳದಲ್ಲಿ ಕೊಳೆತರೆ ಅದರ ಘಾಟಿಗೇ ಮರಿ ಸಾಯುತ್ತವೆ. ಬೆಳಿಗ್ಗೆ ಸಂಜೆ ತಳ ಎಳೆದು, ಅಷ್ಟೇ ಬೆಚ್ಚಗಿನ ಹೊಸ ನೀರು ಸೇರಿಸಬೇಕು. ಟಬ್ಬಿನ ನೀರೆಷ್ಟು ಬೆಚ್ಚಗೆ, ಬಕೆಟ್ಟಿನದೆಷ್ಟು ಎಂದು ಎರಡೂ ಕೈಯನ್ನು ಎರಡರಲ್ಲಿ ಇಟ್ಟು ನೋಡುತ್ತಿದ್ದೆ, ಮಗುವಿಗೆ ಮೀಯಿಸುವ ನೀರು ನೋಡಿದ ಹಾಗೆ.

ಹೀಗೆ ಮಾಡುತ್ತಿದ್ದಾಗ ಒಂದು ಬೆಳಿಗ್ಗೆ ಟಬ್ಬಿನ ಮೇಲೆ ಹನಿ ಬಿದ್ದಂತೆ ಕಂಡಿತು. ಮಾಡು ಸೋರುತ್ತಿದೆಯೇ ಎಂದು ತಲೆ ಎತ್ತಿ ನೋಡಿದೆ. ಹೊರಗೆ ಮಳೆಯೇ ಇರಲಿಲ್ಲ. ಮತ್ತೆ ನೋಡಿದರೆ ನೀರಿನ ಮೇಲೆಲ್ಲ ಚುಕ್ಕಿ ಚುಕ್ಕಿಯಾಗಿ ಏಳುತ್ತಿದೆ. ಮುರುಗೋಡು ಕಿವಿರಿನಲ್ಲಿ ಉಸಿರಾಡುವುದಷ್ಟೇ ಅಲ್ಲ, ಮೇಲೆ ಬಂದು ಗಾಳಿಯನ್ನೂ ಕುಡಿಯುತ್ತದೆ. ಹುಟ್ಟುವಾಗ ಅದಕ್ಕೆ ಆ ಶಕ್ತಿ ಇರುವುದಿಲ್ಲ, ಬೆಳೆಯುತ್ತ ಬರುತ್ತದೆ. ಅವತ್ತು ಬಂದಿತ್ತು. ಉಗುರಿನಷ್ಟುದ್ದದ ಮರಿಗಳು ಒಂದೊಂದಾಗಿ ಮೇಲೆ ಬಂದು, ಬಾಯಿ ತಾಗಿಸಿ, ಒಮ್ಮೆ ಗಾಳಿ ತೆಗೆದುಕೊಂಡು ಕೆಳಗೆ ಹೋಗುತ್ತಿದ್ದವು. ನಾನು ಅಂಗೈಯನ್ನು ನೀರಿನ ಮೇಲ್ಮೈಗೆ ಅಡಿಯಿಂದ ಹಿಡಿದೆ. ನನ್ನ ಬೆರಳುಗಳ ಸಂದಿಯಿಂದಲೇ ಮೇಲೆದ್ದು ಉಸಿರು ತೆಗೆದುಕೊಂಡು ಹೋದವು. ಆ ಸ್ಪರ್ಶವನ್ನು ಹೇಗೆ ಹೇಳುವುದೋ ನನಗೆ ಗೊತ್ತಿಲ್ಲ. ಈಗ ನಾನು ಏನಾದರೂ ಬೇಕೆಂದು ಹಂಬಲಿಸುವುದಿದ್ದರೆ ಅದೊಂದನ್ನೇ.

ಹಲವು ಮಳೆಗಾಲ ಹೀಗೆ ಹೋದವು. ಮರಿ ಕೇಳಿಕೊಂಡು ಸಾಗರದ ಕಡೆಯಿಂದಲೂ ಜನ ಬರುತ್ತಿದ್ದರು. ದೊಡ್ಡ ಮರಿ ಸಣ್ಣದನ್ನು ತಿನ್ನುವುದರಿಂದ ವಾರಕ್ಕೊಮ್ಮೆ ಬೇರೆ ಬೇರೆ ಮಾಡಬೇಕು. ಆ ಕೆಲಸಕ್ಕೆ ಅತ್ತೆಯೂ ಬಂದು ಕೂರುತ್ತಿದ್ದರು. ಅಕ್ಕಿಯಲ್ಲಿ ಕಲ್ಲು ಆರಿಸಿದಂತೆ ಆರಿಸುತ್ತಿದ್ದರು. ನೀರಿಗೆ ಇಳಿಯುವುದು, ಮೊಟ್ಟೆ ಇಳಿಸುವುದು ಮಾತ್ರ ನನ್ನದೇ.

ಮುಳ್ಳು ಚುಚ್ಚಿದ್ದು ಒಂದು ಬೇಸಿಗೆಯಲ್ಲಿ. ಮಳೆಗಾಲಕ್ಕೆ ಬೇಕಾದ ದೊಡ್ಡ ಮೀನುಗಳನ್ನು ಬಲೆಯಿಂದ ತೆಗೆಯುವಾಗ ಒಂದು ಕೊಸರಿ ರೆಕ್ಕೆಯ ಮುಳ್ಳನ್ನು ನನ್ನ ಬಲಗೈಯ ತೋರುಬೆರಳ ಬುಡಕ್ಕೆ ಹೊಡೆಯಿತು. ಮುರುಗೋಡು ಸಾಕಿದವರಿಗೆ ಅದು ಹೊಸತಲ್ಲ. ಉರಿ ಇಳಿಯಲು ಬಿಸಿನೀರಿನಲ್ಲಿ ಕೈ ಇಟ್ಟು, ಅರಿಸಿನ ಮೆತ್ತಿ ಮರೆತೆ. ಗಾಯ ಮಾಯ್ದಂತೆಯೂ ಆಯಿತು. ಆಮೇಲೆ ಅದೇ ಜಾಗದಲ್ಲಿ ಒಂದು ಗಂಟು ಎದ್ದಿತು. ನೋವಿರಲಿಲ್ಲ. ಸ್ವಲ್ಪ ದಿನದಲ್ಲಿ ಮಣಿಕಟ್ಟಿನ ಕಡೆಗೆ ಇನ್ನೊಂದು, ಅದರಾಚೆ ಮತ್ತೊಂದು. ಒಂದು ಬೆಳಿಗ್ಗೆ ಎಮ್ಮೆಯ ಕೆಚ್ಚಲು ಹಿಡಿದರೆ ಎರಡು ಬೆರಳು ಮಡಚಲಿಲ್ಲ.

ನಮ್ಮನೆಯವರು ದೂರದ ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋದರು. ಗಂಟಿನಿಂದ ತುಣುಕು ತೆಗೆದು ಪರೀಕ್ಷೆ ಮಾಡಿ, ಮೀನಿನ ನೀರಿನಲ್ಲಿರುವ ಒಂದು ರೋಗಾಣು ಮುಳ್ಳಿನ ಗಾಯದಿಂದ ಒಳಗೆ ಹೋಗಿ ಬೆರಳು ಮಡಚುವ ನರದ ಸುತ್ತಲಿನ ಪೊರೆಯವರೆಗೂ ಇಳಿದಿದೆ ಎಂದರು. ಅಪರೂಪಕ್ಕೆ ಹೀಗಾಗುತ್ತದಂತೆ. ಕೈ ಕೊಯ್ದು ಒಳಗೆ ಶುಚಿ ಮಾಡಿದರು. ತಿಂಗಳುಗಟ್ಟಲೆ ಮಾತ್ರೆ ಕೊಟ್ಟರು. ಡಾಕ್ಟರು ನನ್ನಷ್ಟೇ ವಯಸ್ಸಿನ ಹೆಂಗಸು. ಕಟ್ಟು ಬಿಚ್ಚುತ್ತ ಏನು ಕೆಲಸ ಮಾಡುತ್ತೀರಿ ಎಂದು ಕೇಳಿದರು. ಹೇಳಿದೆ.

"ಇನ್ನು ಆ ನೀರಿಗೆ ಕೈ ಹಾಕಬೇಡಿ," ಎಂದರು.

"ಎಷ್ಟು ದಿನ ಮೇಡಂ?"

"ನಿಮಗೆ ಸಕ್ಕರೆ ಕಾಯಿಲೆಯೂ ಇದೆ. ಸಣ್ಣ ಗೀರು ಇದ್ದರೂ ಮತ್ತೆ ಬರಬಹುದು. ಇನ್ನೊಂದು ಸಲ ಬಂದರೆ ಈ ಬೆರಳುಗಳನ್ನು ಉಳಿಸುವುದು ಕಷ್ಟ. ದಿನ ಹೇಳಲ್ಲ. ಹಾಕಲೇಬೇಡಿ."

"ಎಡಗೈ?"

"ಎಡಗೈಗೂ ಅದೇ."

ಬರುವ ದಾರಿಯಲ್ಲಿ ನಮ್ಮನೆಯವರು ಒಂದು ಅಂಗಡಿಯ ಮುಂದೆ ಗಾಡಿ ನಿಲ್ಲಿಸಿ ಮೊಣಕೈವರೆಗೆ ಬರುವ ರಬ್ಬರ್ ಗ್ಲೌಸ್ ತಂದುಕೊಟ್ಟರು. ಮನೆಗೆ ಬಂದಮೇಲೆ ಒಂದು ದಿನ ಹಾಕಿಕೊಂಡು ನೋಡಿದೆ. ನೀರು ನನ್ನ ಕೈಯನ್ನು ಸುತ್ತಲಿಂದ ಒತ್ತುತ್ತಿತ್ತು, ಅಷ್ಟೇ. ಬೆಚ್ಚಗೋ ತಂಪೋ ಜಿಡ್ಡೋ ಒಂದೂ ತಿಳಿಯಲಿಲ್ಲ. ಮಡಚದ ಎರಡು ಬೆರಳು ಕಡ್ಡಿಯ ಹಾಗೆ ನಿಂತಿದ್ದವು. ಗ್ಲೌಸ್ ಬಿಚ್ಚಿ ಶೆಡ್ಡಿನ ಮೊಳೆಗೆ ತೂಗುಹಾಕಿದೆ.

ಮನಸ್ಸು ಹಗುರಾಗಲಿ ಎಂದು ನಾಲ್ಕು ದಿನ ತವರಿಗೆ ಹೊರಟೆ. ಅತ್ತೆ ತಾವೂ ಬರುತ್ತೇನೆ ಎಂದರು. ದಾರಿಯಲ್ಲಿ ವರದಮೂಲದಲ್ಲಿ ಇಳಿದೆವು. ಅವರು ತೀರ್ಥದ ಕೊಳದಲ್ಲಿ ಕಾಲು ತೊಳೆದು ದೇವರಿಗೆ ಕೈಮುಗಿದು ಬಂದರು. ನಾನು ಮೆಟ್ಟಿಲ ಮೇಲೆಯೇ ಕೂತಿದ್ದೆ. ಕೊಳದಲ್ಲಿ ಸಣ್ಣ ಮೀನುಗಳು ಯಾರೋ ಹಾಕಿದ ಮಂಡಕ್ಕಿಗೆ ಮುತ್ತಿಕೊಂಡಿದ್ದವು. ನನಗರಿವಿಲ್ಲದೆ ಕೈ ಕೆಳಗೆ ಇಳಿದಿತ್ತು. ಅತ್ತೆ ಅದನ್ನು ಹಿಡಿದು ಎತ್ತಿ ನನ್ನ ಮಡಿಲಲ್ಲಿ ಇಟ್ಟರು, ತಾವೂ ಪಕ್ಕದಲ್ಲಿ ಕೂತರು.

"ಮಗ ಮೀನನ್ನೆಲ್ಲ ಮಾರಿಬಿಡಣ ಅಂತಾನೆ. ಈ ವರ್ಷ ಮರಿ ಮಾಡದು ಬ್ಯಾಡ ಅಂತ," ಎಂದರು.

"ನಂಗೆ ಹೇಳಿದ್ರು."

"ನೀನೆಂತ ಅಂದೆ?"

"ನಾನೆಂತ ಹೇಳ್ಲಿ ಅತ್ತೆ. ಕೈಯೇ ಇಲ್ದಮೇಲೆ."

ಅವರು ಮೀನುಗಳನ್ನೇ ನೋಡುತ್ತ ಹೇಳಿದರು, "ನಂಗೆ ಹೇಳಿಕೊಡು. ಎಮ್ಮೆ ಕರು ಹಾಕಕ್ಕೆ ಆಗದೆ ಇದ್ದಾಗ ಒಳಗೆ ಕೈ ಹಾಕಿ ತಿರುಗಿಸಿ ತೆಗೆದೋಳು ನಾನು. ಮೀನಿಂದು ಒತ್ತದೇನು ಮಹಾ."

ಮಹಾ ಆಗಿಯೇ ಇತ್ತು. ಮಳೆ ಹಿಡಿದು, ಹೆಣ್ಣುಗಳ ಹೊಟ್ಟೆ ಮೆತ್ತಗಾದಮೇಲೆ ಸಂಜೆ ನಮ್ಮನೆಯವರಿಂದ ಚುಚ್ಚುಮದ್ದು ಕೊಡಿಸಿದೆ. ಬೆಳಿಗ್ಗೆ ಶೆಡ್ಡಿನಲ್ಲಿ ಅತ್ತೆ ಒಂದು ಮಣೆ ಹಾಕಿ ಕೂತರು. ನಾನು ಎದುರಿಗೆ ಕುರ್ಚಿಯಲ್ಲಿ. ಒದ್ದೆ ಬಟ್ಟೆಯಲ್ಲಿ ಮೀನಿನ ತಲೆಯನ್ನು ನಮ್ಮನೆಯವರು ಹಿಡಿದುಕೊಂಡರು. ಅತ್ತೆ ಹೆಬ್ಬೆರಳು ಇಟ್ಟು ಎಮ್ಮೆ ಕರೆಯುವ ಬಲದಲ್ಲಿ ಒತ್ತಿದರು. ಮೊಟ್ಟೆಯ ಜೊತೆ ರಕ್ತ ಬಂತು.

"ಹಂಗಲ್ಲ ಅತ್ತೆ. ಅಷ್ಟು ಬಲ ಬ್ಯಾಡ."

"ಮತ್ತೆ ಹೆಂಗೆ?"

ಹೇಗೆ ಎಂದು ಹೇಳಲು ನನಗೆ ಬರಲಿಲ್ಲ. ನನ್ನ ಬೆರಳಿಗೆ ಗೊತ್ತಿದ್ದದ್ದು ಬಾಯಿಗೆ ಗೊತ್ತಿರಲಿಲ್ಲ. ನಾನು ಎದ್ದು ಹೋಗಿ ಅವರ ಮುಂಗೈಯ ಮೇಲೆ ನನ್ನ ಎಡಗೈ ಹೆಬ್ಬೆರಳನ್ನು ಇಟ್ಟು, ಮೊಣಕೈಯಿಂದ ಮಣಿಕಟ್ಟಿನವರೆಗೆ ಒಂದೇ ಹದದಲ್ಲಿ ಜಾರಿಸಿ ತೋರಿಸಿದೆ. "ಇಷ್ಟು. ಮೇಲಿಂದ ಕೆಳಗೆ. ಅದು ಕೊಡ್ತದೆ, ನೀವು ಎಳಿಬೇಡಿ." ಅವರು ಇನ್ನೊಂದು ಸಲ ಮಾಡಿಸು ಎಂದರು. ಮಾಡಿದೆ. ಮುಂದಿನ ಮೀನಿಗೆ ಕಂದು ಹಸಿರು ಮೊಟ್ಟೆ ರಾಗಿ ಸುರಿದಂತೆ ತಟ್ಟೆಗೆ ಇಳಿಯಿತು. ಗಂಡಿನ ಹೊಟ್ಟೆ ಬಿಡಿಸುವಾಗ ಮಾತ್ರ ಅತ್ತೆ ಮುಖ ಆಚೆ ತಿರುಗಿಸಿದರು. ಆ ಕೆಲಸ ನಮ್ಮನೆಯವರು ಮಾಡಿದರು. ಎರಡನ್ನೂ ಕೋಳಿಗರಿಯಲ್ಲಿ ಬೆರೆಸುತ್ತ ಅತ್ತೆ, "ನೀನು ಒಬ್ಳೇ ಇಷ್ಟೆಲ್ಲಾ ಮಾಡ್ತಿದ್ಯನೇ," ಎಂದರು.

ಆ ಸಲ ಅರ್ಧಕ್ಕಿಂತ ಹೆಚ್ಚು ಮೊಟ್ಟೆ ಬೆಳ್ಳಗಾಗಿ ಹೋದವು. ಉಳಿದವು ಒಡೆದು ಮರಿಯಾದವು. ಅತ್ತೆ ಪೈಪು ಹಿಡಿದು ತಳ ಎಳೆಯುವುದನ್ನು ಕಲಿತರು, ಎರಡು ಕೈಯಲ್ಲಿ ಎರಡು ನೀರು ನೋಡುವುದನ್ನು ಕಲಿತರು. ನಾನು ಕುರ್ಚಿಯಲ್ಲಿ ಕೂತು ಹೇಳುತ್ತಿದ್ದೆ. ಸುಮ್ಮನೆ ಕೂತು ಹೇಳುವುದು ಎಷ್ಟು ಆಯಾಸದ ಕೆಲಸ ಎಂದು ನನಗೆ ಮೊದಲು ತಿಳಿದಿರಲಿಲ್ಲ. ಸಂಜೆಯಾಗುವಾಗ ನನ್ನ ತೋಳುಗಳೇ ನೋಯುತ್ತಿದ್ದವು, ಏನೂ ಮಾಡದೆ.

ಒಂದು ಬೆಳಿಗ್ಗೆ ನಾನು ಮಗಳನ್ನು ಬಸ್ಸಿಗೆ ಹತ್ತಿಸಿ ಬಂದೆ. ಶೆಡ್ಡಿನ ಬಾಗಿಲು ಅರ್ಧ ತೆರೆದಿತ್ತು. ಅತ್ತೆ ಟಬ್ಬಿನ ಮೇಲೆ ಬಾಗಿ ನಿಂತಿದ್ದರು. ಬೆನ್ನು ನನ್ನ ಕಡೆಗಿತ್ತು. ತೋಳು ನೀರಿನಲ್ಲಿತ್ತು, ಅಲುಗುತ್ತಿರಲಿಲ್ಲ. ಅವರು ನಗುತ್ತಿದ್ದರು, ಒಬ್ಬರೇ, ಸದ್ದಿಲ್ಲದೆ, ಭುಜ ಮಾತ್ರ ಸಣ್ಣಗೆ ಕುಣಿಯುತ್ತಿತ್ತು. ಮರಿಗಳು ಮೇಲೆ ಬರಲು ಶುರುಮಾಡಿವೆ ಎಂದು ನನಗೆ ಗೊತ್ತಾಯಿತು. ನಾನು ಒಳಗೆ ಹೋಗಲಿಲ್ಲ. ಚಪ್ಪಲಿ ಸದ್ದಾಗದ ಹಾಗೆ ಹಿಂದೆ ಬಂದು ಕ್ವಾರಿಯ ದಂಡೆಯ ಮೇಲೆ ಕೂತು ಕಣ್ಣೀರು ಹಾಕಿದೆ. ಅವರ ಮೇಲೆ ಸಿಟ್ಟಲ್ಲ. ಸಿಟ್ಟಾಗಿದ್ದರೆ ಸುಲಭವಿತ್ತು.

ಸ್ವಲ್ಪ ಹೊತ್ತಿಗೆ ಅವರು ಹುಡುಕಿಕೊಂಡು ಬಂದರು. ಸೆರಗಿನಿಂದ ತೋಳು ಒರೆಸುತ್ತಿದ್ದರು. ನನ್ನ ಮುಖ ನೋಡಿ ಅವರಿಗೂ ಗೊತ್ತಾಯಿತು.

"ಕರೀಬೇಕಿತ್ತು ನಿನ್ನ," ಎಂದರು.

"ಬ್ಯಾಡ ಅತ್ತೆ. ಹೆಂಗಿತ್ತು?"

ಅತ್ತೆ ಮಾತಿನವರಲ್ಲ, ಹೊಗಳುವುದೂ ತೆಗಳುವುದೂ ಎರಡೇ ಶಬ್ದದಲ್ಲಿ. ಅವತ್ತು ಮಾತ್ರ ಬಹಳ ಹೊತ್ತು ಹುಡುಕಿ ಹೇಳಿದರು, "ಗದ್ದೆ ಬದುವಿನ ಮೇಲೆ ಬರಿಗಾಲಲ್ಲಿ ಹೋಗೋವಾಗ ಎಳೆ ಹುಲ್ಲು ಪಾದಕ್ಕೆ ತಾಗ್ತದಲ. ಹಂಗೆ. ಆದ್ರೆ ಹುಲ್ಲು ನಿಂತಲ್ಲೇ ನಿಂತಿರ್ತದೆ. ಇದು ಬಂದು ತಾಗಿ ಹೋಗ್ತದೆ."

ಹೌದು, ಹಾಗೆಯೇ ಇತ್ತು. ಇಷ್ಟು ವರ್ಷ ನನಗೆ ಹೇಳಲು ಬರದಿದ್ದದ್ದನ್ನು ಅವರು ಹೇಳಿಬಿಟ್ಟಿದ್ದರು.

ಅಂದಿನಿಂದ ಅದೊಂದು ರೂಢಿಯಾಯಿತು. ಬೆಳಿಗ್ಗೆ ಅವರು ಕ್ವಾರಿಗೆ ಇಳಿದು ತೋಳು ಮುಳುಗಿಸುತ್ತಾರೆ, ನಾನು ದಂಡೆಯಲ್ಲಿ ಕೂತು ಕೇಳುತ್ತೇನೆ. ಒಂದು ದಿನ, "ನಿನ್ನೆ ಮಾಡಿದ ಗಂಜಿ ತಿಳಿ ಇದ್ದಂಗೆ" ಎನ್ನುತ್ತಾರೆ. ಇನ್ನೊಂದು ದಿನ, "ಮೇಲೆ ಹೊದಿಕೆ ಒಳಗಿನ ಬೆಚ್ಚಗೆ, ಕೆಳಗೆ ಬಾವಿ." ಅವರ ಮಾತು ಕೇಳಿ ನಾನು ಸುಣ್ಣ ಹಾಕಬೇಕೋ, ಮೇವು ಕಡಿಮೆ ಮಾಡಬೇಕೋ, ಹೊಸ ನೀರು ಬಿಡಬೇಕೋ ಹೇಳುತ್ತೇನೆ. ಹನಿ ಬಿಟ್ಟು ನೋಡಿದರೆ ಹೆಚ್ಚಿನ ಸಲ ಸರಿಯಾಗಿರುತ್ತದೆ. ಕೆಲಸ ನಡೆಯುತ್ತದೆ. ಆದರೆ ಹಸಿದವನಿಗೆ ಊಟದ ವಿಷಯ ಹೇಳಿದ ಹಾಗೆಯೂ ಇರುತ್ತದೆ. ಕೆಲವು ದಿನ ಕೇಳುವುದು ಬೇಡ ಎನಿಸಿ ನಾನು ದಂಡೆಗೆ ಹೋಗುವುದಿಲ್ಲ. ಅವತ್ತು ಅತ್ತೆ ಅಡುಗೆಮನೆಗೇ ಬಂದು ಹೇಳಿ ಹೋಗುತ್ತಾರೆ.

ಅತ್ತೆ ಇಳಿಸಿದ ಆ ಮೊದಲ ಮರಿಗಳಲ್ಲಿ ಒಂದಿಷ್ಟನ್ನು ತೀರ್ಥಹಳ್ಳಿಯ ಆಚೆ ಗದ್ದೆ ಮಾಡುವ ಒಬ್ಬ ಹೆಂಗಸು ತೆಗೆದುಕೊಂಡು ಹೋಗಿದ್ದರು. ಸಾಕಿ ಮಾರುವುದಕ್ಕಲ್ಲ ಎಂದಿದ್ದರು. ಅವರು ಮದುವೆಯಾಗಿ ಬಂದ ಕಾಲದಲ್ಲಿ ಮೊದಲ ಮಳೆಗೆ ಹಳ್ಳದಿಂದ ಮೀನುಗಳು ನೀರಿಗೆ ಎದುರಾಗಿ ಗದ್ದೆಗೆ ಹತ್ತುತ್ತಿದ್ದವಂತೆ. ಹತ್ತುಮೀನು ಎನ್ನುತ್ತಿದ್ದರು. ಎಷ್ಟೋ ವರ್ಷದಿಂದ ಅವರ ಗದ್ದೆಗೆ ಮುರುಗೋಡು ಹತ್ತಿಲ್ಲ. ಗದ್ದೆಗೆ ಔಷಧಿ ಹೊಡೆಯುವುದನ್ನು ಬಿಟ್ಟಿದ್ದೇವೆ, ಕೆಳಗಿನ ಕೆರೆಯಲ್ಲಿ ಬಿಟ್ಟು ನೋಡುತ್ತೇನೆ ಎಂದು ನೀರು ತುಂಬಿದ ಚೀಲಗಳನ್ನು ಜೀಪಿನಲ್ಲಿ ಮಡಿಲ ಮೇಲೆ ಇಟ್ಟುಕೊಂಡು ಹೋದರು.

ಈ ವರ್ಷದ ಮಳೆ ಮೊನ್ನೆ ಹಿಡಿಯಿತು. ಮಧ್ಯಾಹ್ನ ಊಟಕ್ಕೆ ಬಡಿಸುತ್ತಿದ್ದಾಗ ಆ ಹೆಂಗಸಿನ ಫೋನು ಬಂತು. ಮಳೆಯ ಸದ್ದಿನಲ್ಲಿ ಮಾತು ಸರಿಯಾಗಿ ಕೇಳುತ್ತಿರಲಿಲ್ಲ.

"ಹತ್ತಿದಾವೆ ಮಾರಾಯ್ತಿ," ಎಂದರು. "ತೂಬಿನ ಹತ್ರ ನಿಂತಿದೀನಿ. ನಾಲ್ಕೈದು ಕಂಡ್ವು. ಹೊಟ್ಟೆ ಎಳ್ಕೊಂಡು ಎಳ್ಕೊಂಡು ಹತ್ತಾ ಇದಾವೆ, ಮುರುಗೋಡೇ."

"ಹಿಡಿದ್ರಾ?"

"ಇಲ್ಲ. ಮನೆಯವ್ರು ಬುಟ್ಟಿ ತಂದಿದ್ರು. ನಾನೇ ಬ್ಯಾಡ ಅಂದೆ. ಮೊಟ್ಟೆ ಇಡಕ್ಕೆ ಹತ್ತದಲ್ವ ಅವು."

ಸೂಜಿಯಿಲ್ಲದೆ, ತಟ್ಟೆಯಿಲ್ಲದೆ, ಯಾರ ಹೆಬ್ಬೆರಳೂ ಒತ್ತದೆ, ಗಂಡು ಮೀನನ್ನು ಕೊಲ್ಲದೆ. ನಮ್ಮ ಮರಿಗಳೇ ಎಂದು ಹೇಗೆ ಹೇಳುವುದು, ಹಳ್ಳದಲ್ಲಿ ಉಳಿದಿದ್ದ ಬೇರೆಯವೂ ಇರಬಹುದು ಎಂದು ಒಂದು ಮನಸ್ಸು. ಆದರೂ ಕೇಳಿದೆ, "ನೀರು ಹೆಂಗಿದೆ ಅಲ್ಲಿ? ಸ್ವಲ್ಪ ಕೈ ಹಾಕಿ ನೋಡ್ತೀರಾ?"

"ನೀರಾ? ಕೆಂಪು ನೀರು, ಮಳೆದು. ತಾಳಿ, ನೋಡ್ತೀನಿ."

ಅತ್ತೆ ತಟ್ಟೆಯ ಮುಂದಿನಿಂದ ಎದ್ದು ಬಂದರು, ಅನ್ನ ಕಲಸಿದ ಕೈಯಲ್ಲೇ. ಫೋನಿನ ಸ್ಪೀಕರ್ ಹಾಕಿ ಊಟದ ಮಣೆಯ ಮೇಲೆ ಇಟ್ಟೆ. ಆ ಕಡೆ ಮಳೆ ಬೀಳುವುದು, ತೂಬಿನಲ್ಲಿ ನೀರು ಧುಮುಕುವುದು, ಯಾರೋ ಯಾರನ್ನೋ ಕರೆಯುವುದು ಕೇಳಿಸಿತು. ಆ ಹೆಂಗಸು ಬಗ್ಗಿ ಕೈ ಹಾಕಿರಬೇಕು, ಮಾತು ದೂರವಾಯಿತು. ಏನೋ ಹೇಳಿದರು. "ತಂಪು" ಎಂಬುದೊಂದೇ ನನಗೆ ತಿಳಿದದ್ದು, ಮಿಕ್ಕದ್ದನ್ನು ನೀರಿನ ಸದ್ದು ತೆಗೆದುಕೊಂಡಿತು. ಅತ್ತೆಯೂ ನಾನೂ ಬಗ್ಗಿ ಕಿವಿಯಿಟ್ಟು ಕೇಳುತ್ತ ಕೂತೆವು. ಸಾರು ಆರುತ್ತಿತ್ತು. ಅತ್ತೆ ನನ್ನ ಬಲಗೈಯ ಮಡಚದ ಎರಡು ಬೆರಳನ್ನು ತಮ್ಮ ಎಡಗೈಯಲ್ಲಿ ಹಿಡಿದುಕೊಂಡಿದ್ದರು. ಲೈನು ಕಟ್ಟಾಗುವವರೆಗೂ ಇಬ್ಬರೂ ಏಳಲಿಲ್ಲ.